ಡೌನ್‌ಟೌನ್ ಕಟ್ಟಡಕ್ಕೆ 20 ವರ್ಷಗಳ ತೆರಿಗೆ ವಿನಾಯಿತಿ: ಹೊರೆ ಯಾರ ಮೇಲೆ?

ಪ್ರಶ್ನೆ: ಅಮೆರಿಕದ ಮಧ್ಯಪಶ್ಚಿಮ ಭಾಗದ ನಡುಗಾತ್ರದ ನಗರವೊಂದರಲ್ಲಿ ನಾವು ಬಹಳ ವರ್ಷಗಳಿಂದ ನೆಲೆಸಿದ್ದೇವೆ. ಇಲ್ಲಿನ ಡೌನ್‌ಟೌನಿನಲ್ಲಿ ಖಾಲಿ ಬಿದ್ದಿರುವ ಹಳೆಯ ಕಚೇರಿ ಕಟ್ಟಡವನ್ನು ಅಪಾರ್ಟ್‌ಮೆಂಟುಗಳನ್ನಾಗಿ ಮಾರ್ಪಡಿಸಲು ಮುಂದೆ ಬಂದಿರುವ ಡೆವಲಪರ್ ಒಬ್ಬರು 20 ವರ್ಷಗಳ ಆಸ್ತಿ ತೆರಿಗೆ ವಿನಾಯಿತಿ ಕೇಳಿದ್ದಾರೆ. ಜೊತೆಗೆ ಆ ಕಟ್ಟಡವನ್ನೂ ಸುತ್ತಲಿನ ಕೆಲವು ಬೀದಿಗಳನ್ನೂ ಸೇರಿಸಿ ‘ಟಿಫ್’ ವಲಯ (ಆಸ್ತಿ ಮೌಲ್ಯ ಏರಿದಂತೆ ಹೆಚ್ಚುವ ತೆರಿಗೆಯನ್ನು ಆ ಪ್ರದೇಶಕ್ಕೇ ಬಳಸುವ ವ್ಯವಸ್ಥೆ) ಮಾಡಿ, ಅದರ ಹಣದಲ್ಲಿ ಪಾರ್ಕಿಂಗ್ ಕಟ್ಟಡ ಮತ್ತು ಪಾದಚಾರಿ ಮಾರ್ಗ ನಿರ್ಮಿಸುವ ಪ್ರಸ್ತಾಪವೂ ಇದೆ. ಇದರಿಂದ ನಗರಕ್ಕೆ ಒಂದು ಡಾಲರೂ ಖರ್ಚಿಲ್ಲ ಎಂದು ಮೇಯರ್ ಕಚೇರಿ ಹೇಳುತ್ತಿದೆ. ಶಾಲೆಗಳ ಹಣ ಹೋಗುತ್ತದೆ ಎಂದು ಕೆಲವರು ವಿರೋಧಿಸುತ್ತಿದ್ದಾರೆ. ಯಾವುದು ನಿಜ? ಸಾರ್ವಜನಿಕ ವಿಚಾರಣೆಯಲ್ಲಿ ನಮ್ಮಂಥ ಸಾಮಾನ್ಯ ನಿವಾಸಿಗಳು ಏನನ್ನು ಕೇಳಬೇಕು?

ಉತ್ತರ: ಎರಡು ಕಡೆಯವರ ಮಾತೂ ನಿಜವಾಗಬಹುದು, ಯಾವುದು ನಿಜವಾಗುತ್ತದೆ ಎಂಬುದು ಒಂದೇ ಒಂದು ಷರತ್ತಿನ ಮೇಲೆ ನಿಂತಿದೆ. ವಿನಾಯಿತಿ ಸಿಗದಿದ್ದರೆ ಈ ಕಟ್ಟಡ ಇನ್ನೂ ಹತ್ತಾರು ವರ್ಷ ಹೀಗೆಯೇ ಖಾಲಿ ಉಳಿಯುತ್ತಿತ್ತು ಎಂದಾದರೆ, ನಗರವು ತನಗೆ ಎಂದೂ ಬಾರದಿದ್ದ ತೆರಿಗೆಯನ್ನೇ ಬಿಟ್ಟುಕೊಡುತ್ತಿದೆ, ಹಾಗಾಗಿ ಮೇಯರ್ ಕಚೇರಿಯ ಮಾತು ಬಹುಮಟ್ಟಿಗೆ ಸರಿ. ವಿನಾಯಿತಿ ಇಲ್ಲದೆಯೂ ಇವತ್ತಲ್ಲ ನಾಳೆ ಯಾರಾದರೊಬ್ಬರು ಈ ಕೆಲಸವನ್ನು ಕೈಗೆತ್ತಿಕೊಳ್ಳುತ್ತಿದ್ದರು ಎಂದಾದರೆ, ಬಿಟ್ಟುಕೊಟ್ಟ ಪ್ರತಿಯೊಂದು ಡಾಲರೂ ಶಾಲೆ, ಗ್ರಂಥಾಲಯ, ಅಗ್ನಿಶಾಮಕ ದಳಗಳ ಪಾಲಿನಿಂದ ಹೋದದ್ದೇ ಆಗುತ್ತದೆ. ನಗರ ಹಣಕಾಸಿನವರು ಈ ಷರತ್ತನ್ನು ‘ಬಟ್ ಫಾರ್’ ಪರೀಕ್ಷೆ ಎನ್ನುತ್ತಾರೆ: ಈ ನೆರವು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅದು. ಅನೇಕ ರಾಜ್ಯಗಳ ಟಿಫ್ ಕಾನೂನುಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಗಿದೆ. ಆದರೆ ಅದನ್ನು ಸಾಬೀತುಪಡಿಸುವ ವರದಿಯನ್ನು ಎಷ್ಟೋ ಬಾರಿ ಡೆವಲಪರ್ ಒದಗಿಸಿದ ಅಂಕಿಗಳ ಮೇಲೆಯೇ ಬರೆಯಲಾಗುತ್ತದೆ. ಇಂತಹ ಕಡತಗಳನ್ನು ಓದುತ್ತ ಬಂದಿರುವ ನನಗೆ, ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ಇದೇ ಎನಿಸಿದೆ.

ಮೊದಲು ನಿಮ್ಮ ನಗರದ ಮುಂದಿರುವ ಎರಡು ಸಾಧನಗಳನ್ನು ಬೇರ್ಪಡಿಸಿ ನೋಡೋಣ, ಏಕೆಂದರೆ ಚರ್ಚೆಗಳಲ್ಲಿ ಇವು ಸದಾ ಕಲಸಿಹೋಗುತ್ತವೆ. ತೆರಿಗೆ ವಿನಾಯಿತಿ, ಅಂದರೆ ಅಬೇಟ್‌ಮೆಂಟ್, ಒಂದು ನಿರ್ದಿಷ್ಟ ಆಸ್ತಿಗೆ ಸಂಬಂಧಿಸಿದ್ದು. ನವೀಕರಣದಿಂದ ಕಟ್ಟಡದ ಮೌಲ್ಯ ಎಷ್ಟು ಏರುತ್ತದೆಯೋ ಆ ಏರಿಕೆಯ ಮೇಲಿನ ತೆರಿಗೆಯನ್ನು ಇಷ್ಟು ವರ್ಷ ವಸೂಲು ಮಾಡುವುದಿಲ್ಲ ಎಂದು ನಗರ ಒಪ್ಪಿಕೊಳ್ಳುತ್ತದೆ. ನೆಲದ ಮೇಲಿನ ತೆರಿಗೆ ಮತ್ತು ಹಳೆಯ ಮೌಲ್ಯದ ಮೇಲಿನ ತೆರಿಗೆ ಸಾಮಾನ್ಯವಾಗಿ ಮುಂದುವರಿಯುತ್ತವೆ. ಟಿಫ್ ಎಂಬುದು ಇದಕ್ಕಿಂತ ಬೇರೆ. ಅಲ್ಲಿ ಆಸ್ತಿಯ ಮಾಲೀಕರು ಪೂರ್ತಿ ತೆರಿಗೆ ಕಟ್ಟುತ್ತಾರೆ. ಆದರೆ ವಲಯ ಘೋಷಣೆಯಾದ ದಿನದ ಮೌಲ್ಯವನ್ನು ಮೂಲ ಮೌಲ್ಯವೆಂದು ಸ್ಥಗಿತಗೊಳಿಸಿ, ಅದಕ್ಕಿಂತ ಮೇಲೆ ಬೆಳೆದ ಮೌಲ್ಯದಿಂದ ಬರುವ ತೆರಿಗೆಯನ್ನೆಲ್ಲ ಶಾಲೆಗೂ ಕೌಂಟಿಗೂ ಕಳುಹಿಸದೆ ಆ ವಲಯದ ಪ್ರತ್ಯೇಕ ನಿಧಿಗೆ ತಿರುಗಿಸಲಾಗುತ್ತದೆ. ಆ ನಿಧಿಯಿಂದ ರಸ್ತೆ, ಪಾರ್ಕಿಂಗ್, ಕೆಲವೊಮ್ಮೆ ಡೆವಲಪರನ ಖರ್ಚಿನ ಒಂದು ಭಾಗವನ್ನೂ ಭರಿಸಲಾಗುತ್ತದೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಪ್ರಶ್ನೆಯೊಳಗೇ ಅಡಗಿರುವ ಒಂದು ಸಂಗತಿಯನ್ನು ಎತ್ತಿ ತೋರಿಸಬೇಕು. ವಿನಾಯಿತಿ ಪಡೆದ ಕಟ್ಟಡವು 20 ವರ್ಷ ಹೆಚ್ಚುವರಿ ತೆರಿಗೆಯನ್ನೇ ಕಟ್ಟದಿದ್ದರೆ, ಅದರಿಂದ ಟಿಫ್ ನಿಧಿಗೆ ಏನೂ ಬರುವುದಿಲ್ಲ. ಹಾಗಾದರೆ ಪಾರ್ಕಿಂಗ್ ಕಟ್ಟಡದ ಹಣ ಬರಬೇಕಾದದ್ದು ಸುತ್ತಲಿನ ಬೀದಿಗಳ ಆಸ್ತಿಗಳ ಮೌಲ್ಯ ತನ್ನಷ್ಟಕ್ಕೆ ಏರುವುದರಿಂದ, ಅಂದರೆ ಈ ಯೋಜನೆ ಇಲ್ಲದೆಯೂ ಬಹುಶಃ ಶಾಲೆಗೆ ಹೋಗಿ ಸೇರುತ್ತಿದ್ದ ತೆರಿಗೆಯಿಂದ. ಒಂದೇ ಯೋಜನೆಗೆ ಎರಡೂ ಸಾಧನಗಳನ್ನು ಜೋಡಿಸಿದಾಗ ಹೀಗಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ವಿಚಾರಣೆಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಟಿಫ್ ನಿಧಿಗೆ ಬರುವ ಹಣದಲ್ಲಿ ಹೊಸ ಕಟ್ಟಡಗಳಿಂದ ಎಷ್ಟು ಬರುತ್ತದೆ, ಈಗಾಗಲೇ ಇರುವ ಆಸ್ತಿಗಳ ಬೆಲೆ ಏರಿಕೆಯಿಂದ ಎಷ್ಟು ಬರುತ್ತದೆ?

ಆ ಏರಿಕೆ ಸಣ್ಣದಲ್ಲ. ಇಲಿನಾಯ್ ರಾಜ್ಯದಲ್ಲಿ ಟಿಫ್ ವಲಯದ ಸಾಮಾನ್ಯ ಅವಧಿ 23 ವರ್ಷ. ಆಸ್ತಿ ಮೌಲ್ಯ ವರ್ಷಕ್ಕೆ ಕೇವಲ ಶೇ. 3ರಂತೆ ಏರಿದರೂ 23 ವರ್ಷಗಳಲ್ಲಿ ಅದು ಬಹುತೇಕ ಇಮ್ಮಡಿಯಾಗುತ್ತದೆ. ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡದಿದ್ದರೂ, ಅವಧಿ ಮುಗಿಯುವ ಹೊತ್ತಿಗೆ ಆ ವಲಯದ ತೆರಿಗೆಯ ಅರ್ಧದಷ್ಟು ಪ್ರತ್ಯೇಕ ನಿಧಿಗೆ ಹರಿಯುತ್ತಿರುತ್ತದೆ, ಆದರೆ ಶಾಲೆಯ ಖರ್ಚು, ಪೊಲೀಸರ ಸಂಬಳ, ಅಗ್ನಿಶಾಮಕ ವಾಹನದ ಬೆಲೆ ಯಾವುದೂ ಮೂಲ ಮೌಲ್ಯದ ವರ್ಷಕ್ಕೆ ಸ್ಥಗಿತವಾಗಿರುವುದಿಲ್ಲ.

ಶಾಲೆಗಳಿಗೆ ನಷ್ಟವಾಗುತ್ತದೆಯೇ ಎಂಬುದಕ್ಕೆ ಉತ್ತರ ನಿಮ್ಮ ರಾಜ್ಯದ ತೆರಿಗೆ ಕಾನೂನಿನಲ್ಲಿದೆ. ಕೆಲವು ರಾಜ್ಯಗಳಲ್ಲಿ ಶಾಲಾ ಮಂಡಳಿಗೆ ತೆರಿಗೆಯ ದರ ನಿಗದಿಯಾಗಿರುತ್ತದೆ. ಅಂಥ ಕಡೆ ತೆರಿಗೆಗೆ ಒಳಪಡುವ ಮೌಲ್ಯ ಕುಗ್ಗಿದರೆ ಶಾಲೆಯ ವರಮಾನ ನೇರವಾಗಿ ಕುಗ್ಗುತ್ತದೆ. ಇನ್ನು ಕೆಲವು ಕಡೆ, ಮುಖ್ಯವಾಗಿ ಇಲಿನಾಯ್‌ನಂಥ ರಾಜ್ಯಗಳಲ್ಲಿ, ಪ್ರತಿ ಸಂಸ್ಥೆಯೂ ತನಗೆ ಇಷ್ಟು ಮೊತ್ತ ಬೇಕು ಎಂದು ಹೇಳುತ್ತದೆ, ದರವನ್ನು ಆ ಮೊತ್ತಕ್ಕೆ ಹೊಂದುವಂತೆ ಲೆಕ್ಕ ಹಾಕಲಾಗುತ್ತದೆ. ಅಲ್ಲಿ ಶಾಲೆಗೆ ಹಣ ಬಂದೇ ಬರುತ್ತದೆ, ಆದರೆ ಟಿಫ್ ವಲಯದ ಬೆಳವಣಿಗೆ ಲೆಕ್ಕಕ್ಕೆ ಸಿಗದಿರುವುದರಿಂದ ಉಳಿದ ಎಲ್ಲರ ದರ ಸ್ವಲ್ಪ ಏರುತ್ತದೆ. ಅಂಥ ಊರಿನಲ್ಲಿ ನಿಮ್ಮ ಮನೆಯ ತೆರಿಗೆ ಬಿಲ್ಲಿನ ಮೂಲಕವೇ ನೀವು ಡೌನ್‌ಟೌನಿನ ಪಾಲನ್ನು ಭರಿಸುತ್ತಿರುತ್ತೀರಿ. ಬಿಲ್ಲಿನಲ್ಲಿ ಅದು ಬೇರೆ ಸಾಲಾಗಿ ಕಾಣುವುದೂ ಇಲ್ಲ. ಮೂರನೆಯ ಸ್ಥಿತಿಯೂ ಇದೆ: ಶಾಲೆಗೆ ಆದ ಕೊರತೆಯನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ತುಂಬಿಕೊಡುವುದು. ಆಗ ನಗರವು ತನ್ನ ಔದಾರ್ಯದ ಬಿಲ್ಲನ್ನು ಇಡೀ ರಾಜ್ಯಕ್ಕೆ ಕಳುಹಿಸಿದಂತಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ ವ್ಯವಸ್ಥೆಯನ್ನೇ ಮುರಿದದ್ದು ಈ ಮೂರನೆಯ ಸ್ಥಿತಿ. ಟಿಫ್ ಹುಟ್ಟಿದ್ದೂ ಅಲ್ಲಿಯೇ, 1952ರಲ್ಲಿ. 2011ರ ಹೊತ್ತಿಗೆ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳು ರಾಜ್ಯದ ಒಟ್ಟು ಆಸ್ತಿ ತೆರಿಗೆಯ ಸುಮಾರು ಶೇ. 12ರಷ್ಟನ್ನು ತಮ್ಮ ನಿಧಿಗಳಿಗೆ ತಿರುಗಿಸಿಕೊಳ್ಳುತ್ತಿದ್ದವು, ಮತ್ತು ಶಾಲೆಗಳ ಕೊರತೆಯ ಬಹುಭಾಗವನ್ನು ರಾಜ್ಯವೇ ತುಂಬಬೇಕಾಗಿತ್ತು. ಭಾರಿ ಬಜೆಟ್ ಕೊರತೆಯನ್ನು ಎದುರಿಸುತ್ತಿದ್ದ ಗವರ್ನರ್ ಜೆರ್ರಿ ಬ್ರೌನ್ ಆ ವರ್ಷ ಜನವರಿಯಲ್ಲಿ ಈ ಸಂಸ್ಥೆಗಳನ್ನು ಮುಚ್ಚುವ ಪ್ರಸ್ತಾಪ ಮಾಡಿದರು. ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು, 2012ರ ಫೆಬ್ರವರಿ 1ರಂದು ಅವೆಲ್ಲವೂ ರದ್ದಾದವು. ಬ್ರೌನ್ ಅವರೇ ಹಿಂದೆ ಓಕ್‌ಲ್ಯಾಂಡಿನ ಮೇಯರ್ ಆಗಿದ್ದಾಗ ಡೌನ್‌ಟೌನಿಗೆ 10,000 ಹೊಸ ನಿವಾಸಿಗಳನ್ನು ತರುವ ಗುರಿ ಇಟ್ಟುಕೊಂಡು ಕೆಲಸ ಮಾಡಿದವರು ಎಂಬುದನ್ನು ನೆನೆದರೆ, ಕಾಲ ಕಳೆದಂತೆ ಲೆಕ್ಕ ಎಷ್ಟು ಬಿಗಡಾಯಿಸಿತ್ತು ಎಂಬುದು ತಿಳಿಯುತ್ತದೆ.

ಈಗ ನಿಮ್ಮ ಕಟ್ಟಡದ ವಿನಾಯಿತಿಗೆ ಬರೋಣ. ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ‘20 ವರ್ಷ’ ಎಂಬ ಸಂಖ್ಯೆಯ ಬಗ್ಗೆ ನನ್ನ ಆಕ್ಷೇಪ ಈ ಲೆಕ್ಕದಿಂದಲೇ ಬಂದದ್ದು. ಅಂಕಿಗಳು ಉದಾಹರಣೆಗಾಗಿ ಮಾತ್ರ. ಕಟ್ಟಡದ ಇಂದಿನ ಮೌಲ್ಯ 1 ಕೋಟಿ ಡಾಲರ್, ನವೀಕರಣದ ನಂತರದ ಮೌಲ್ಯ 6 ಕೋಟಿ ಡಾಲರ್, ತೆರಿಗೆ ಮೌಲ್ಯದ ಶೇ. 2 ಎಂದುಕೊಳ್ಳೋಣ. ಇಂದು ಬರುತ್ತಿರುವ ತೆರಿಗೆ ವರ್ಷಕ್ಕೆ 2 ಲಕ್ಷ. ಮುಂದೆ ಬರಬೇಕಾದದ್ದು 12 ಲಕ್ಷ. ವಿನಾಯಿತಿಯ ಬೆಲೆ ವರ್ಷಕ್ಕೆ 10 ಲಕ್ಷ ಡಾಲರ್, 20 ವರ್ಷಕ್ಕೆ 2 ಕೋಟಿ.

ಆದರೆ ಇಪ್ಪತ್ತನೆಯ ವರ್ಷದ ಡಾಲರೂ ಈ ವರ್ಷದ ಡಾಲರೂ ಒಂದೇ ಅಲ್ಲ. ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ನೋಡಬೇಕು. ನಗರವು ಬಾಂಡ್ ಮಾರುಕಟ್ಟೆಯಲ್ಲಿ ಕಡಿಮೆ ಬಡ್ಡಿಗೆ ಸಾಲ ಪಡೆಯಬಲ್ಲದು, ಆದ್ದರಿಂದ ಅದರ ಮಟ್ಟಿಗೆ ಶೇ. 5ರ ದರ ಹಿಡಿಯೋಣ. ಡೆವಲಪರ್ ತನ್ನ ಹೂಡಿಕೆದಾರರಿಗೆ ಹೆಚ್ಚಿನ ಲಾಭ ತೋರಿಸಬೇಕು, ಹಾಗಾಗಿ ಆತನಿಗೆ ಶೇ. 10. ಈ ದರಗಳಲ್ಲಿ ಮೊದಲ 10 ವರ್ಷಗಳ ವಿನಾಯಿತಿ ನಗರಕ್ಕೆ ಇಂದಿನ ಮೌಲ್ಯದಲ್ಲಿ ಸುಮಾರು 77 ಲಕ್ಷ ಡಾಲರ್ ತಗಲುತ್ತದೆ, ಡೆವಲಪರನಿಗೆ ಅದು ಸುಮಾರು 61 ಲಕ್ಷದಷ್ಟು ಉಪಯುಕ್ತ. ಎರಡನೆಯ 10 ವರ್ಷಗಳು ನಗರಕ್ಕೆ ಇನ್ನೂ 47 ಲಕ್ಷ ತಗಲುತ್ತವೆ, ಡೆವಲಪರನಿಗೆ ಮಾತ್ರ ಅವುಗಳ ಬೆಲೆ 24 ಲಕ್ಷ. ಅಂದರೆ ಕೊನೆಯ ಹತ್ತು ವರ್ಷಗಳಲ್ಲಿ ನಗರ ಬಿಟ್ಟುಕೊಡುವ ಪ್ರತಿ ಎರಡು ಡಾಲರಿನಲ್ಲಿ ಸುಮಾರು ಒಂದು ಡಾಲರ್ ಮಾತ್ರ ಯೋಜನೆಯನ್ನು ನಡೆಸಿಕೊಡುವ ಕೆಲಸಕ್ಕೆ ಬರುತ್ತದೆ. ಕಟ್ಟಡ ಏಳುತ್ತದೋ ಇಲ್ಲವೋ ಎಂಬ ನಿರ್ಧಾರವನ್ನು ಬದಲಿಸುವುದು ಮೊದಲ ವರ್ಷಗಳ ಹಣ. ಬಹಳ ದೂರದ ವರ್ಷಗಳ ವಿನಾಯಿತಿ ಹೆಚ್ಚಾಗಿ ಮುಂದೆ ಆ ಕಟ್ಟಡವನ್ನು ಕೊಳ್ಳುವವರ ಜೇಬು ಸೇರುತ್ತದೆ.

ಹಾಗಿದ್ದರೆ ನಗರಗಳು ಏಕೆ ದೀರ್ಘ ಅವಧಿಯನ್ನೇ ಕೊಡುತ್ತವೆ? ಮುಂದಿನ ವರ್ಷಗಳ ನಷ್ಟ ಈ ವರ್ಷದ ಬಜೆಟ್ಟಿನಲ್ಲಿ ಕಾಣುವುದಿಲ್ಲ, ಈಗ ಮತ ಹಾಕುವ ಕೌನ್ಸಿಲ್ ಸದಸ್ಯರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಹುದ್ದೆಯಲ್ಲಿ ಇರುವುದಿಲ್ಲ. ನ್ಯಾಯಕ್ಕಾಗಿ ಇನ್ನೊಂದು ಕಾರಣವನ್ನೂ ಹೇಳಬೇಕು. ನಗದು ಸಹಾಯಧನವನ್ನು ಮೊದಲೇ ಕೊಟ್ಟರೆ, ಯೋಜನೆ ಅರ್ಧಕ್ಕೆ ನಿಂತಾಗ ಆ ಹಣ ಹೋದಂತೆಯೇ; ವಿನಾಯಿತಿ ಕಟ್ಟಡ ಎದ್ದ ಮೇಲೆ ಮಾತ್ರ ಲಾಭ ಕೊಡುತ್ತದೆ, ಹಾಗಾಗಿ ನಿರ್ಮಾಣದ ಅಪಾಯ ಡೆವಲಪರನ ಮೇಲೆಯೇ ಉಳಿಯುತ್ತದೆ. ಇದು ಗಟ್ಟಿಯಾದ ವಾದ. ಇವೆರಡನ್ನೂ ತೂಗಿ ನೋಡಿದಾಗ, ಮೊದಲ ವರ್ಷಗಳಲ್ಲಿ ಹೆಚ್ಚಾಗಿದ್ದು ನಂತರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹತ್ತು ಹನ್ನೆರಡು ವರ್ಷಗಳಲ್ಲಿ ಮುಗಿಯುವ ವಿನಾಯಿತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಫಿಲಡೆಲ್ಫಿಯಾ ನಗರ ಈ ತೀರ್ಮಾನಕ್ಕೆ ಬರಲು ಎರಡು ದಶಕ ತೆಗೆದುಕೊಂಡಿತು. ಅಲ್ಲಿ 1997ರಲ್ಲಿ ಹಳೆಯ ಕಟ್ಟಡಗಳನ್ನು ವಸತಿಗೆ ಮಾರ್ಪಡಿಸುವವರಿಗೆ 10 ವರ್ಷಗಳ ಪೂರ್ಣ ವಿನಾಯಿತಿ ಸಿಕ್ಕಿತು. 2000ದಲ್ಲಿ ಅದನ್ನು ನಗರದಾದ್ಯಂತ ಎಲ್ಲ ಹೊಸ ನಿರ್ಮಾಣಕ್ಕೂ ವಿಸ್ತರಿಸಲಾಯಿತು. ಆ ವರ್ಷಗಳಲ್ಲಿ ನಗರದ ಕೇಂದ್ರಭಾಗ ಮತ್ತೆ ತುಂಬಿಕೊಂಡದ್ದು ನಿಜ, ವಿನಾಯಿತಿ ಅದಕ್ಕೆ ನೆರವಾಯಿತು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾರುಕಟ್ಟೆ ಚೇತರಿಸಿಕೊಂಡ ಮೇಲೂ, ಯಾವ ನೆರವೂ ಬೇಡದ ದುಬಾರಿ ಮನೆಗಳಿಗೂ, ಅದೇ ವಿನಾಯಿತಿ ಕೇಳಿದವರಿಗೆಲ್ಲ ದೊರೆಯುತ್ತಲೇ ಇತ್ತು. ಅಲ್ಲಿ ಆಸ್ತಿ ತೆರಿಗೆಯ ಅರ್ಧಕ್ಕಿಂತ ಹೆಚ್ಚು ಪಾಲು, ಸುಮಾರು ಶೇ. 55, ಸೇರುವುದು ಶಾಲಾ ಮಂಡಳಿಗೆ. 2019ರ ಕೊನೆಯಲ್ಲಿ ಕೌನ್ಸಿಲ್ ಅದನ್ನು ತಿದ್ದಿತು, 2022ರಿಂದ ಹೊಸ ವಸತಿ ಕಟ್ಟಡಗಳಿಗೆ ವಿನಾಯಿತಿ ಪ್ರತಿ ವರ್ಷ ಶೇ. 10ರಂತೆ ಇಳಿಯುತ್ತದೆ.

ನಿಯಮ ಪ್ರಕಾರ ಕೇಳಿದವರಿಗೆಲ್ಲ ಸಿಗುವ ವಿನಾಯಿತಿಗೆ ಇನ್ನೊಂದು ದೋಷವಿದೆ, ಅದನ್ನು ಸಾರ್ವಜನಿಕ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಖಾಲಿ ಕಟ್ಟಡದ ಈಗಿನ ಮಾಲೀಕರಿಗೆ, ಮುಂದೆ ಕೊಳ್ಳುವವರಿಗೆ ಎಷ್ಟು ತೆರಿಗೆ ಉಳಿಯುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ಅವರು ಮಾರಾಟದ ಬೆಲೆಯನ್ನು ಅಷ್ಟರಮಟ್ಟಿಗೆ ಏರಿಸುತ್ತಾರೆ, ಅಥವಾ ಇಳಿಯಬೇಕಾದ ಬೆಲೆಯನ್ನು ಇಳಿಯಗೊಡುವುದಿಲ್ಲ. 2020ರ ನಂತರ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬೆಳೆದು ಅಮೆರಿಕದ ಡೌನ್‌ಟೌನ್ ಕಚೇರಿಗಳ ಬೆಲೆ ಕುಸಿದಿದೆ. ಬೆಲೆ ಸಾಕಷ್ಟು ಇಳಿದರೆ, ಇವತ್ತು ಲೆಕ್ಕ ಹೊಂದದ ಮಾರ್ಪಾಟು ನಾಳೆ ಸಹಾಯವಿಲ್ಲದೆಯೇ ಹೊಂದಬಹುದು. ಆದ್ದರಿಂದ ನಿಮ್ಮ ಡೆವಲಪರ್ ಈ ಕಟ್ಟಡವನ್ನು ಯಾವಾಗ, ಎಷ್ಟಕ್ಕೆ ಕೊಂಡರು, ಅಥವಾ ಎಷ್ಟಕ್ಕೆ ಕೊಳ್ಳಲು ಒಪ್ಪಿದ್ದಾರೆ ಎಂಬುದು ಅತ್ಯಗತ್ಯವಾದ ಮಾಹಿತಿ. ಖರೀದಿ ಒಪ್ಪಂದವೇ ವಿನಾಯಿತಿ ಸಿಗುವ ಷರತ್ತಿನ ಮೇಲೆ ನಿಂತಿದ್ದರೆ, ನಗರದ ನೆರವಿನ ಒಂದು ಭಾಗ ಹಳೆಯ ಮಾಲೀಕರಿಗೆ ತಲುಪುತ್ತಿದೆ ಎಂದು ತಿಳಿಯಬೇಕು.

ಹಾಗೆಂದು ಎಲ್ಲ ಕಟ್ಟಡಗಳೂ ಬೆಲೆ ಇಳಿದ ಮಾತ್ರಕ್ಕೆ ತಾವಾಗಿಯೇ ಮನೆಗಳಾಗುವುದಿಲ್ಲ. ಕಚೇರಿಯನ್ನು ಮನೆಯಾಗಿಸುವುದು ಹೊರಗಿನವರು ಊಹಿಸುವುದಕ್ಕಿಂತ ಕಷ್ಟದ ಕೆಲಸ. ಕಚೇರಿ ಮಹಡಿಯಲ್ಲಿ ಶೌಚಾಲಯಗಳೂ ನೀರಿನ ಕೊಳವೆಗಳೂ ಲಿಫ್ಟಿನ ಸುತ್ತ ಒಂದೇ ಕಡೆ ಇರುತ್ತವೆ. ಮನೆಗಳಿಗೆ ಅವನ್ನು ಮಹಡಿಯುದ್ದಕ್ಕೂ ಒಯ್ಯಬೇಕು. 1960ರ ದಶಕದ ನಂತರ ಕಟ್ಟಿದ ಅನೇಕ ಕಚೇರಿಗಳು ಎಷ್ಟು ಅಗಲವೆಂದರೆ, ನಡುಭಾಗಕ್ಕೆ ಕಿಟಕಿಯ ಬೆಳಕೇ ಬೀಳುವುದಿಲ್ಲ, ಅಲ್ಲಿ ಮಲಗುವ ಕೋಣೆ ಮಾಡಲು ಕಟ್ಟಡ ನಿಯಮಗಳು ಒಪ್ಪುವುದಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಟ್ಟಡಗಳು ಹವಾನಿಯಂತ್ರಣವಿಲ್ಲದ ಕಾಲದವು. ಗಾಳಿ ಬೆಳಕಿಗಾಗಿ ಕಿರಿದಾಗಿ, ತೆರೆಯುವ ಕಿಟಕಿಗಳೊಂದಿಗೆ ಕಟ್ಟಿದವು, ಆದ್ದರಿಂದ ಮನೆಗಳಾಗಲು ಹೆಚ್ಚು ಒಗ್ಗುತ್ತವೆ. ನಿಮ್ಮ ಕಟ್ಟಡ ಯಾವ ಕಾಲದ್ದು, ಮಹಡಿಯ ಅಗಲ ಎಷ್ಟು ಎಂಬುದರ ಮೇಲೆ ನೆರವಿನ ನಿಜವಾದ ಅಗತ್ಯ ಎಷ್ಟಿದೆ ಎಂಬುದು ಬಹಳಷ್ಟು ತೀರ್ಮಾನವಾಗುತ್ತದೆ.

ಹಳೆಯ ಕಟ್ಟಡವಾಗಿದ್ದರೆ ಇನ್ನೊಂದು ಬಾಗಿಲೂ ತೆರೆದಿದೆ. ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿ ಸೇರಿರುವ, ಬಾಡಿಗೆ ಅಥವಾ ವ್ಯಾಪಾರದ ವರಮಾನ ತರುವ ಕಟ್ಟಡವನ್ನು ನ್ಯಾಷನಲ್ ಪಾರ್ಕ್ ಸರ್ವಿಸ್ ಒಪ್ಪುವ ರೀತಿಯಲ್ಲಿ ಪುನರುಜ್ಜೀವನಗೊಳಿಸಿದರೆ, ಅರ್ಹ ಖರ್ಚಿನ ಶೇ. 20ರಷ್ಟು ಫೆಡರಲ್ ಆದಾಯ ತೆರಿಗೆಯಲ್ಲಿ ಕಡಿತವಾಗಿ ದೊರೆಯುತ್ತದೆ. 2017ರ ತೆರಿಗೆ ಕಾನೂನಿನ ನಂತರ ಅದನ್ನು 5 ವರ್ಷಗಳಲ್ಲಿ ಹಂಚಿ ಪಡೆಯಬೇಕು. ಅನೇಕ ರಾಜ್ಯಗಳು ತಮ್ಮದೇ ಕಡಿತವನ್ನು ಅದರ ಮೇಲೆ ಸೇರಿಸುತ್ತವೆ, ಮಿಸೌರಿ ಅಂಥ ರಾಜ್ಯಗಳಲ್ಲೊಂದು. ಈ ಹಣ ಸ್ಥಳೀಯ ಶಾಲೆಯ ಪಾಲಿನಿಂದ ಬರುವುದಿಲ್ಲ. ಹೀಗಾಗಿ ಆ ಕಡಿತಗಳನ್ನು ಮೊದಲು ಬಳಸಿ, ಉಳಿದ ಕೊರತೆಗೆ ಮಾತ್ರ ನಗರದ ವಿನಾಯಿತಿ ಕೇಳಲಾಗಿದೆಯೇ ಎಂಬುದನ್ನು ನೋಡಬೇಕು.

ವಿನಾಯಿತಿ ಕೊಡುವ ಒಪ್ಪಂದದ ಬರವಣಿಗೆಯ ಬಗ್ಗೆಯೂ ಒಂದು ಮಾತು. ನ್ಯೂಯಾರ್ಕ್ 1995ರಲ್ಲಿ ಮ್ಯಾನ್‌ಹ್ಯಾಟನ್ನಿನ ದಕ್ಷಿಣ ತುದಿಯಲ್ಲಿ ಖಾಲಿ ಬಿದ್ದಿದ್ದ ಹಳೆಯ ಕಚೇರಿಗಳನ್ನು ಮನೆಗಳಾಗಿಸಲು 421-ಜಿ ಎಂಬ ತೆರಿಗೆ ಯೋಜನೆ ತಂದಿತು. ವಾಲ್ ಸ್ಟ್ರೀಟ್ ಸುತ್ತಮುತ್ತ ಇಂದು ಸಾವಿರಾರು ಮನೆಗಳಿರಲು ಅದೂ ಒಂದು ಕಾರಣ; ಡೌನ್‌ಟೌನ್ ಮಾರ್ಪಾಟಿನ ಯಶಸ್ವಿ ಉದಾಹರಣೆಗಳಲ್ಲಿ ನಾನು ಅದನ್ನು ಮೊದಲು ಹೆಸರಿಸುತ್ತೇನೆ. ವಿನಾಯಿತಿಗೆ ಪ್ರತಿಯಾಗಿ ಆ ಮನೆಗಳ ಬಾಡಿಗೆ ನಿಯಂತ್ರಣಕ್ಕೆ ಒಳಪಡಬೇಕಿತ್ತು. ಆದರೆ ದುಬಾರಿ ಬಾಡಿಗೆಯ ಮನೆಗಳನ್ನು ನಿಯಂತ್ರಣದಿಂದ ಹೊರಗಿಡುವ ಇನ್ನೊಂದು ನಿಯಮ ತಮಗೂ ಅನ್ವಯಿಸುತ್ತದೆ ಎಂದು ಮಾಲೀಕರು ವಾದಿಸಿದರು. ಹಾಗೆ ಅನ್ವಯಿಸುವುದಿಲ್ಲ, ವಿನಾಯಿತಿ ಪಡೆದವರು ನಿಯಂತ್ರಣವನ್ನೂ ಒಪ್ಪಬೇಕು ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು 2019ರಲ್ಲಿ, ಯೋಜನೆ ಜಾರಿಗೆ ಬಂದು 24 ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಎಷ್ಟು ಬಾಡಿಗೆದಾರರು ಬಂದು ಹೋಗಿದ್ದರೋ! 2024ರಲ್ಲಿ ನ್ಯೂಯಾರ್ಕ್ ರಾಜ್ಯ ಕಚೇರಿ ಮಾರ್ಪಾಟಿಗೆ ಮತ್ತೆ ಹೊಸ ವಿನಾಯಿತಿ ತಂದಾಗ, ಕನಿಷ್ಠ ಶೇ. 25 ಮನೆಗಳು ಸೀಮಿತ ಆದಾಯದವರ ಕೈಗೆಟುಕುವ ಬಾಡಿಗೆಯಲ್ಲಿರಬೇಕು ಎಂದು ಕಾನೂನಿನಲ್ಲೇ ಬರೆಯಲಾಯಿತು. ನಿಮ್ಮ ನಗರದ ಪ್ರಸ್ತಾಪದಲ್ಲಿ ಇಂಥ ಷರತ್ತು ಇದ್ದರೆ ಅದರ ಸಂಖ್ಯೆ, ಅವಧಿ, ಉಲ್ಲಂಘಿಸಿದರೆ ದಂಡ, ಪರಿಶೀಲಿಸುವವರು ಯಾರು ಎಂಬುದು ಒಪ್ಪಂದದ ಪಠ್ಯದಲ್ಲೇ ಇರಬೇಕು. ಪತ್ರಿಕಾ ಹೇಳಿಕೆಯಲ್ಲಿ ಇದ್ದರೆ ಸಾಲದು.

ಇವೆಲ್ಲದರ ಬಗ್ಗೆ ಸಂಶೋಧನೆ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಅವರು ಕಂಪನಿಗಳಿಗೆ ಕೊಡುವ ಪ್ರೋತ್ಸಾಹಧನಗಳ ಕುರಿತ ಹಲವು ಅಧ್ಯಯನಗಳನ್ನು ಪರಿಶೀಲಿಸಿ, ಅವು ಕಂಪನಿಯ ಸ್ಥಳದ ನಿರ್ಧಾರವನ್ನು ನಿಜವಾಗಿ ಬದಲಿಸಿದ್ದು ಶೇ. 2ರಿಂದ 25ರಷ್ಟು ಸಂದರ್ಭಗಳಲ್ಲಿ ಮಾತ್ರ ಎಂದು 2018ರಲ್ಲಿ ಅಂದಾಜಿಸಿದರು. ಇದು ಕಂಪನಿಗಳ ಬಗೆಗಿನ ಅಂಕಿ, ನೆಲ ಬಿಟ್ಟು ಕದಲಲಾರದ ಕಟ್ಟಡಕ್ಕೆ ಹಾಗೆಯೇ ಹೊಂದುವುದಿಲ್ಲ. ಆದರೂ ‘ನೆರವು ಇಲ್ಲದಿದ್ದರೆ ನಾವು ಬರುವುದೇ ಇಲ್ಲ’ ಎಂಬ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅದೊಂದು ಅಳತೆಗೋಲು. ಟಿಫ್ ಬಗ್ಗೆ ನೇರವಾದ ಸಾಕ್ಷ್ಯವಿದೆ. ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ ಅವರು 2000ದಲ್ಲಿ ಶಿಕಾಗೋ ಸುತ್ತಲಿನ ನಗರಗಳನ್ನು ಹೋಲಿಸಿ, ಟಿಫ್ ಅಳವಡಿಸಿಕೊಂಡ ನಗರಗಳು ಒಟ್ಟಾರೆಯಾಗಿ ಅಳವಡಿಸಿಕೊಳ್ಳದ ನಗರಗಳಿಗಿಂತ ನಿಧಾನವಾಗಿ ಬೆಳೆದವು ಎಂದು ಕಂಡುಕೊಂಡರು. ವಲಯದೊಳಗೆ ಕಾಣುವ ಬೆಳವಣಿಗೆಯ ಒಂದು ಭಾಗ ಅದೇ ಊರಿನ ಬೇರೆ ಬೀದಿಗಳಿಂದ ಸರಿದು ಬಂದದ್ದು ಎಂಬುದು ಇದಕ್ಕೆ ಕೊಡಲಾಗುವ ವಿವರಣೆ. ಹೊಳೆಯುವ ಡೌನ್‌ಟೌನನ್ನು ತೋರಿಸಿ ‘ನೋಡಿ, ಯಶಸ್ಸು’ ಎನ್ನುವವರು ನಗರದ ಉಳಿದ ಭಾಗ ಎಷ್ಟು ಬೆಳೆಯಿತು ಎಂಬುದನ್ನೂ ತೋರಿಸಬೇಕು.

ಶಿಕಾಗೋದ ಡೌನ್‌ಟೌನಿನಲ್ಲಿಯೇ ಎಚ್ಚರಿಕೆಯ ಒಂದು ಉದಾಹರಣೆಯಿದೆ. ‘ಬ್ಲಾಕ್ 37’ ಎಂದು ಕರೆಯುವ, ಸ್ಟೇಟ್ ಸ್ಟ್ರೀಟ್ ಮೇಲಿನ ಅತ್ಯಂತ ಬೆಲೆಬಾಳುವ ಒಂದು ಚೌಕದಲ್ಲಿದ್ದ ಕಟ್ಟಡಗಳನ್ನು ಪುನರಭಿವೃದ್ಧಿಗಾಗಿ 1989ರಲ್ಲಿ ಕೆಡವಲಾಯಿತು. ಕಚೇರಿ ಮಾರುಕಟ್ಟೆ ಬಿದ್ದುಹೋಯಿತು, ಯೋಜನೆಗಳು ಒಂದರ ಹಿಂದೊಂದು ಬಿದ್ದವು, ಆ ಜಾಗ ಬಹುಕಾಲ ಖಾಲಿ ಬಯಲಾಗಿ ಉಳಿಯಿತು. ಚಳಿಗಾಲದಲ್ಲಿ ಅಲ್ಲಿ ಐಸ್ ಸ್ಕೇಟಿಂಗ್ ಅಂಕಣ ಮಾಡುತ್ತಿದ್ದರು. ಹೊಸ ಮಳಿಗೆ ಸಂಕೀರ್ಣ ತೆರೆದದ್ದು 2009ರಲ್ಲಿ. ಸಾರ್ವಜನಿಕ ಹಣವೂ ಅಧಿಕಾರವೂ ಡೆವಲಪರನ ಬೆನ್ನಿಗಿದ್ದರೂ ಮಾರುಕಟ್ಟೆ ಕೈಕೊಟ್ಟರೆ ಯೋಜನೆ ನಿಲ್ಲುತ್ತದೆ. ಅದಕ್ಕಾಗಿಯೇ ಟಿಫ್ ಹೆಸರಿನಲ್ಲಿ ನಗರವು ಬಾಂಡ್ ಮಾರಿ ಸಾಲ ಮಾಡುತ್ತಿದೆಯೇ, ಅಥವಾ ಡೆವಲಪರ್ ಮೊದಲು ತನ್ನ ಹಣ ಹಾಕಿ, ತೆರಿಗೆ ನಿಜವಾಗಿ ಬಂದಂತೆ ಮಾತ್ರ ಮರಳಿ ಪಡೆಯುತ್ತಾನೆಯೇ ಎಂಬ ಪ್ರಶ್ನೆ ದೊಡ್ಡದು. ಕಾನ್ಸಾಸ್ ಸಿಟಿ ನಗರವು ತನ್ನ ಡೌನ್‌ಟೌನಿನ ಪವರ್ ಅಂಡ್ ಲೈಟ್ ಡಿಸ್ಟ್ರಿಕ್ಟ್ ಎಂಬ ಮನರಂಜನಾ ವಲಯದ ಬಾಂಡುಗಳಿಗೆ ತಾನೇ ಹೊಣೆ ನಿಂತಿತ್ತು. ನಿರೀಕ್ಷಿಸಿದ ವರಮಾನ ಬಾರದಾಗ, ಸಾಲದ ಕಂತಿನ ಕೊರತೆಯನ್ನು ವರ್ಷದಿಂದ ವರ್ಷಕ್ಕೆ ನಗರದ ಸಾಮಾನ್ಯ ನಿಧಿಯಿಂದ ತುಂಬಬೇಕಾಯಿತು. ನಿಮ್ಮ ಪಾರ್ಕಿಂಗ್ ಕಟ್ಟಡಕ್ಕೆ ಬಾಂಡ್ ಇದ್ದರೆ, ಅದರ ಹಿಂದೆ ನಗರದ ಸಾಮಾನ್ಯ ನಿಧಿಯ ಖಾತರಿ ಇದೆಯೇ ಎಂದು ಒಂದೇ ವಾಕ್ಯದಲ್ಲಿ ಕೇಳಿ, ಉತ್ತರವನ್ನು ಕಡತಕ್ಕೆ ಸೇರಿಸಲು ಹೇಳಿ.

ವಿಚಾರಣೆಗೆ ಹೋಗುವ ಮೊದಲು ಮಾಡಬಹುದಾದ ಇನ್ನೊಂದು ಕೆಲಸವಿದೆ. ಸರ್ಕಾರಿ ಲೆಕ್ಕಪತ್ರಗಳ ಮಾನದಂಡ ಮಂಡಳಿ 2015ರಲ್ಲಿ ಹೊರಡಿಸಿದ 77ನೇ ನಿಯಮದಂತೆ, ಆ ಮಾನದಂಡಗಳನ್ನು ಪಾಲಿಸುವ ನಗರಗಳೂ ಶಾಲಾ ಮಂಡಳಿಗಳೂ ತೆರಿಗೆ ವಿನಾಯಿತಿಗಳಿಂದ ಆ ವರ್ಷ ಕೈಬಿಟ್ಟ ಮೊತ್ತವನ್ನು ವಾರ್ಷಿಕ ಹಣಕಾಸು ವರದಿಯ ಟಿಪ್ಪಣಿಗಳಲ್ಲಿ ನಮೂದಿಸಬೇಕು. ಬೇರೊಂದು ಸಂಸ್ಥೆ ಕೊಟ್ಟ ವಿನಾಯಿತಿಯಿಂದ ತಮಗಾದ ನಷ್ಟವನ್ನೂ ತೋರಿಸಬೇಕು. ನಗರದ ವರದಿಯನ್ನು ಬಿಟ್ಟು ಮೊದಲು ಶಾಲಾ ಮಂಡಳಿಯ ವರದಿಯನ್ನು ತೆರೆಯಿರಿ, ಏಕೆಂದರೆ ನಿರ್ಧಾರ ಮಾಡುವವರು ಒಬ್ಬರು, ನಷ್ಟ ಅನುಭವಿಸುವವರು ಇನ್ನೊಬ್ಬರು ಆಗಿರುವುದು ಅಲ್ಲಿ ಅಂಕಿಯಾಗಿ ಕಾಣುತ್ತದೆ.

ನನ್ನ ಸ್ಪಷ್ಟ ಸಲಹೆ ಹೀಗಿದೆ. ವಿನಾಯಿತಿಯನ್ನು ಸಾರಾಸಗಟಾಗಿ ವಿರೋಧಿಸಬೇಡಿ. ದೀರ್ಘಕಾಲ ಖಾಲಿ ನಿಂತ ಕಟ್ಟಡ ಬೀದಿಯ ಜೀವವನ್ನೇ ಹೀರುತ್ತದೆ, ಮಾರ್ಪಾಟಿನ ಖರ್ಚು ನಿಜಕ್ಕೂ ಭಾರಿಯಾಗಿರುತ್ತದೆ. ಆದರೆ ಮತ ಹಾಕುವ ಮೊದಲು ಡೆವಲಪರನ ಪೂರ್ಣ ಲೆಕ್ಕಪಟ್ಟಿಯನ್ನು, ಅಂದರೆ ಖರೀದಿ ಬೆಲೆ, ನಿರ್ಮಾಣ ವೆಚ್ಚ, ನಿರೀಕ್ಷಿತ ಬಾಡಿಗೆ, ಐತಿಹಾಸಿಕ ಕಡಿತ, ನಿರೀಕ್ಷಿತ ಲಾಭ ಇವನ್ನೆಲ್ಲ ನಗರ ನೇಮಿಸಿದ ಸ್ವತಂತ್ರ ಪರಿಶೀಲಕರು ನೋಡಿ, ವಿನಾಯಿತಿ ಇಲ್ಲದಿದ್ದರೆ, 10 ವರ್ಷ ಇದ್ದರೆ, 20 ವರ್ಷ ಇದ್ದರೆ ಎಂಬ ಮೂರು ಸ್ಥಿತಿಗಳ ಫಲಿತಾಂಶವನ್ನು ಪ್ರಕಟಿಸಬೇಕೆಂದು ಕೇಳಿ. ಲಾಭ ಅಂದಾಜಿಗಿಂತ ಹೆಚ್ಚಾದರೆ ಅದರಲ್ಲಿ ಪಾಲು, ಭರವಸೆ ತಪ್ಪಿದರೆ ಉಳಿಸಿಕೊಂಡ ತೆರಿಗೆಯ ವಾಪಸಾತಿ, ಮತ್ತು ವಿನಾಯಿತಿಯ ಅವಧಿಯಲ್ಲಿ ತೆರಿಗೆಗೆ ಬದಲಾಗಿ ಶಾಲಾ ಮಂಡಳಿಗೆ ಪ್ರತಿ ವರ್ಷ ಒಂದು ನಿಗದಿತ ಪಾವತಿ, ಈ ಮೂರೂ ಒಪ್ಪಂದದಲ್ಲಿ ಸೇರಲಿ. ಟಿಫ್ ವಲಯದ ಗಡಿ ಈ ಕಟ್ಟಡಕ್ಕೂ ಅದರ ಪಕ್ಕದ ಬೀದಿಗೂ ಮಾತ್ರ ಸೀಮಿತವಾಗಲಿ. ವಿನಾಯಿತಿಯಿಂದಾಗಿ ಆ ಸೀಮಿತ ವಲಯದಲ್ಲಿ ಪಾರ್ಕಿಂಗಿಗೆ ಸಾಕಾಗುವಷ್ಟು ತೆರಿಗೆ ಹುಟ್ಟುವುದಿಲ್ಲ ಎಂಬ ಉತ್ತರ ಬಂದರೆ, ಪಾರ್ಕಿಂಗ್ ಕಟ್ಟಡದ ಪ್ರಸ್ತಾಪವನ್ನು ಬೇರೆಯಾಗಿಸಿ, ನಗರದ ಸಾಮಾನ್ಯ ಬಜೆಟ್ಟಿನಲ್ಲಿ ಇತರ ಅಗತ್ಯಗಳ ಜೊತೆ ನಿಲ್ಲಿಸಿ ಮತಕ್ಕೆ ಹಾಕುವಂತೆ ಲಿಖಿತವಾಗಿ ಕೋರಿ.